ಬೇರಿಂಗ್ ಬದಲಾಯಿಸಿದರೂ ನಿಲ್ಲದ ಸದ್ದು

ಮೊದಲು ನಾನು ಬದಲಾಯಿಸಿದ್ದು ಬೇರಿಂಗು. ಕಿವಿಯಲ್ಲಿ ಸದ್ದು ಬಂದರೆ ಬುದ್ಧಿಯಿದ್ದವರು ಕಿವಿಯ ಡಾಕ್ಟರ ಹತ್ತಿರ ಹೋಗುತ್ತಾರೆ. ನಾನು ಮೋಟಾರ್ ರಿಪೇರಿಯ ಖಾದರ್‌ನನ್ನು ಕರೆಸಿದೆ.

ಚಾಮರಾಜಪೇಟೆಯ ಒಂದು ಕ್ರಾಸಿನಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ ಇದೆ. ಮಾಗಡಿ ಕಡೆಯ ಹಳ್ಳಿಯಿಂದ ಬಂದು, ಅಕ್ಕಿಪೇಟೆಯಲ್ಲಿ ಮೂಟೆ ಹೊತ್ತು, ಆಮೇಲೆ ಈ ಗಿರಣಿ ಹಾಕಿದವರು ನಮ್ಮಪ್ಪ. ಅಣ್ಣನಿಗೆ ಹಿಟ್ಟಿನ ಧೂಳು ಒಗ್ಗುತ್ತಿರಲಿಲ್ಲ, ನನಗೆ ಒಗ್ಗುತ್ತಿತ್ತು. ಅಷ್ಟೇ ಕಾರಣಕ್ಕೆ ಗಿರಣಿ ನನ್ನ ಪಾಲಿಗೆ ಬಂತು. ಅಪ್ಪ ಕಲಿಸಿದ್ದು ಒಂದೇ ಪಾಠ. ಕಾಳು ಸುರಿಯುವ ಮೇಲಿನ ತೊಟ್ಟಿಯನ್ನು ಇಣುಕುತ್ತಾ ನಿಲ್ಲಬೇಡ, ಕಲ್ಲಿನ ಸದ್ದು ಕೇಳು. ತೊಟ್ಟಿಯಲ್ಲಿ ಕಾಳಿರುವ ತನಕ ಕಲ್ಲು ಗುರುಗುಟ್ಟುತ್ತದೆ. ಕಾಳು ಮುಗಿಯುತ್ತಾ ಬಂದಂತೆ ಆ ಗುರುಗುಟ್ಟು ತೆಳ್ಳಗಾಗಿ ಕೀರಲಾಗುತ್ತದೆ. ಕೀರಲು ಕೇಳಿದ ಕೂಡಲೇ ನಿಲ್ಲಿಸಬೇಕು. ಇಲ್ಲದಿದ್ದರೆ ಕಲ್ಲಿಗೆ ಕಲ್ಲು ಉಜ್ಜಿ, ಅದರ ಪುಡಿ ಹಿಟ್ಟಿಗೆ ಬೀಳುತ್ತದೆ. ನಾನು ಗಿರಾಕಿಗಳ ಜೊತೆ ಹರಟುತ್ತಾ, ಮುಂದಿನವರ ಡಬ್ಬದ ಮುಚ್ಚಳ ತೆಗೆಯುತ್ತಾ, ಕಲ್ಲಿಗೆ ಬೆನ್ನು ಹಾಕಿಕೊಂಡೇ ಗಿರಣಿ ನಡೆಸುತ್ತಿದ್ದವಳು. ಹೊತ್ತಿಗೆ ಸರಿಯಾಗಿ ಕೈ ತಾನಾಗಿ ಸ್ವಿಚ್ಚಿಗೆ ಹೋಗುತ್ತಿತ್ತು.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ, ಸ್ವಿಚ್ ಆರಿಸಿ ಕಲ್ಲು ನಿಧಾನವಾಗಿ ನಿಲ್ಲುತ್ತಿರುವಾಗ, ಅದರ ಹಿಂದೆ ಸಣ್ಣಗೆ 'ಕೀಂ' ಎನ್ನುವ ಒಂದು ಎಳೆ ಕೇಳಿಸಿತು. ಬೇರಿಂಗ್ ಹೋಗುವಾಗ ಹೀಗೇ ಕೂಗುತ್ತದೆ. ಖಾದರ್ ಬಂದು ಬಿಚ್ಚಿ ನೋಡಿ, ಚೆನ್ನಾಗೇ ಇದೆ ಅಂದ. ನಾನು ಕೇಳಲಿಲ್ಲ, ಬದಲಾಯಿಸು ಅಂದೆ. ಬದಲಾಯಿಸಿದ. ವಾರ ಕಳೆಯುವುದರೊಳಗೆ ಮತ್ತೆ ಕರೆಸಿದೆ. ಬೆಲ್ಟು ಬದಲಾಯಿಸಿದ, ಗ್ರೀಸ್ ಹಾಕಿದ. ಮತ್ತೆ ಕರೆಸಿದಾಗ ಅವನು ಚೀಲದಿಂದ ಪಾನಾ ತೆಗೆಯಲೇ ಇಲ್ಲ. ಸುಮ್ಮನೆ ಗೋಡೆಯ ಹತ್ತಿರ ಹೋಗಿ ಮೇನ್ ಸ್ವಿಚ್ಚನ್ನೇ ಕೆಳಗೆಳೆದ. ಗಿರಣಿ, ದೀಪ, ಫ್ಯಾನು ಎಲ್ಲಾ ನಿಂತವು.

"ಈಗ ಕೇಳ್ತೈತಾ ಅಕ್ಕಾ?"

ಕೇಳುತ್ತಿತ್ತು. ಇನ್ನೂ ಚೆನ್ನಾಗಿ ಕೇಳುತ್ತಿತ್ತು.

"ಹಂಗಾದ್ರೆ ಇದು ನನ್ ಕೆಲಸ ಅಲ್ಲ ಅಕ್ಕಾ," ಅಂದ ಖಾದರ್. ಚೀಲ ಹೆಗಲಿಗೆ ಹಾಕಿಕೊಂಡು, ನನ್ನ ಮುಖ ನೋಡದೆ ಹೊರಟುಹೋದ. ನನ್ನ ಕಾಯಿಲೆಯನ್ನು ಮೊದಲು ಕಂಡುಹಿಡಿದವನು ಅವನೇ.

ಮನೆಯಲ್ಲಿ ಇದನ್ನು ಹೇಳುವುದು ಹೇಗೆ? ಜ್ವರವಾದರೆ ಹಣೆ ಮುಟ್ಟಿ ನೋಡುತ್ತಾರೆ, ಗಾಯವಾದರೆ ಕಾಣುತ್ತದೆ. ಮತ್ತಿಕೆರೆಯಲ್ಲಿರುವ ಮಗಳು ರೇಖಾ ಫೋನಿನಲ್ಲೇ, "ಟೆನ್ಷನ್ ಜಾಸ್ತಿ ಆಗಿದೆ ಕಣಮ್ಮ, ರೆಸ್ಟ್ ತಗೋ" ಅಂದಳು. ನಾದಿನಿ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಕಿವಿಗೆ ಬಿಟ್ಟಳು. ಸದ್ದು ಹೋಗಲಿಲ್ಲ, ದಿಂಬಿಗೆ ಒಗ್ಗರಣೆ ವಾಸನೆ ಅಂಟಿತು. ಯೋಗದ ಕ್ಲಾಸಿಗೆ ಹೋಗುವ ಪಕ್ಕದ ಮನೆಯ ರಾಯರಂತೂ ಕೈ ಮುಗಿದೇಬಿಟ್ಟರು. "ಅದು ಅನಾಹತ ನಾದ ಜಯಮ್ಮ. ಅದನ್ನ ಕೇಳೋಕೆ ಜನ ಹಿಮಾಲಯಕ್ಕೆ ಹೋಗ್ತಾರೆ. ನಿಮಗೆ ಕೂತಲ್ಲೇ ಬಂದಿದೆ." ನನಗೆ ಮೈಯೆಲ್ಲಾ ಉರಿಯಿತು. "ಹಾಗಾದ್ರೆ ನೀವೇ ಇಟ್ಕೊಳಿ ರಾಯರೇ, ನಂಗೆ ಬೇಡ" ಅಂದು ಬಾಗಿಲು ಹಾಕಿಕೊಂಡೆ.

ಇನ್ನು ನಮ್ಮ ಯಜಮಾನರು. ಶಿವಣ್ಣನವರು ಗವಿಪುರದಿಂದ ಮತ್ತಿಕೆರೆಗೆ ಹೋಗುವ ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಇಡೀ ಸರ್ವಿಸ್ ಸ್ಟಾಪುಗಳ ಹೆಸರು ಕೂಗಿ ಕೂಗಿ, ರಿಟೈರ್ ಆದ ದಿನ ಮನೆಗೆ ಬಂದು, "ಇನ್ನು ಕೂಗೋದು ಮುಗೀತು" ಅಂದರು. ಅಂದವರು ಮಾತನ್ನೂ ಮುಗಿಸಿದರು. ಕಾಫಿ ಬೇಕಾದರೆ ಲೋಟ ಮುಂದಿಡುತ್ತಾರೆ. ಬೇಸರವೇನೂ ಇರಲಿಲ್ಲ ನನಗೆ. ದಿನವೆಲ್ಲಾ ಗಿರಣಿಯ ಗದ್ದಲದಲ್ಲಿರುವ ನನಗೂ ಅದೇ ಬೇಕಾಗಿತ್ತು. ಸೋಮವಾರ ಬೆಳಗ್ಗೆ ಇಬ್ಬರೂ ಗವಿಪುರಕ್ಕೆ ನಡೆದುಹೋಗಿ, ಗಂಗಾಧರೇಶ್ವರನ ಗವಿಯಲ್ಲಿ ತಲೆ ಬಗ್ಗಿಸಿ ಪ್ರದಕ್ಷಿಣೆ ಹಾಕಿ, ಹೊರಗೆ ಬಂದು ಕಲ್ಲಿನ ಮೇಲೆ ಕೂರುತ್ತಿದ್ದೆವು. ಒಂದು ಮಾತಿಲ್ಲ, ಕತೆಯಿಲ್ಲ. ನಮ್ಮ ಸಂಸಾರದ ಸುಖ ಇದ್ದದ್ದೇ ಆ ಸುಮ್ಮನೆ ಕೂರುವುದರಲ್ಲಿ.

ಸದ್ದು ಬಂದ ಮೇಲೆ ಮೊದಲ ಸೋಮವಾರ ಗವಿಯೊಳಗೆ ಬಗ್ಗಿ ಹೋದೆ ನೋಡಿ. ತಣ್ಣನೆಯ ಕಲ್ಲು, ಎಣ್ಣೆ ದೀಪದ ವಾಸನೆ, ಹೊರಗಿನ ಗಾಡಿಗಳ ಸದ್ದು ಪೂರಾ ಬಂದ್. ಅಲ್ಲಿ ಅದು ಬಾಯಿಬಿಟ್ಟಿತು. ಎರಡೂ ಕಿವಿಯ ನಡುವೆ, ತಲೆಯ ಒಳಗೆ, ತೊಟ್ಟಿ ಖಾಲಿಯಾದ ಗಿರಣಿಯೊಂದು ಯಾರೂ ನಿಲ್ಲಿಸುವವರಿಲ್ಲದೆ ಓಡುತ್ತಿತ್ತು. ಅರ್ಧ ಪ್ರದಕ್ಷಿಣೆಗೇ ಹೊರಗೆ ಬಂದೆ. ಕಲ್ಲಿನ ಮೇಲೆ ಕೂತೆ. ಯಜಮಾನರು ಎಂದಿನಂತೆ ಪಕ್ಕದಲ್ಲಿ ಸುಮ್ಮನೆ ಕೂತರು. ನನಗೆ ಆ ಮೌನ ಮೊದಲ ಸಲ ಶಿಕ್ಷೆಯಂತೆ ಕಂಡಿತು. ಮುಂದಿನ ಸೋಮವಾರ ಕಾಲು ನೋವು ಅಂತ ನೆಪ ಹೇಳಿದೆ. ಆಮೇಲೆ ಅವರೂ ಕರೆಯುವುದನ್ನು ಬಿಟ್ಟರು.

ಕೊನೆಗೆ ಆಸ್ಪತ್ರೆಗೆ ಹೋದೆವು. ಕಿವಿ-ಮೂಗು-ಗಂಟಲಿನ ವಿಭಾಗದ ಹೊರಗಿನ ಬೆಂಚಿನ ಕಷ್ಟ ಅಲ್ಲಿ ಕೂತವರಿಗೇ ಗೊತ್ತು. ಒಳಗಿನಿಂದ ನರ್ಸು ಹೆಸರು ಕೂಗುತ್ತಾರೆ, ಹೊರಗೆ ಕೂತವರಿಗೆ ಕಿವಿ ಕೇಳುವುದಿಲ್ಲ. ಯಾವ ಹೆಸರು ಕೂಗಿದರೂ ಎಲ್ಲರೂ ಅರ್ಧ ಎದ್ದು, "ನಂದಾ? ನಂದಾ?" ಅಂತ ಪಕ್ಕದವರನ್ನು ಕೇಳುತ್ತಾರೆ. ಪಕ್ಕದವರಿಗೂ ಗೊತ್ತಿಲ್ಲ. ಮತ್ತೆ ಎಲ್ಲರೂ ಕೂರುತ್ತಾರೆ. ಯಜಮಾನರು ಕಂಡಕ್ಟರ್ ಅಭ್ಯಾಸದಲ್ಲಿ ಬಾಗಿಲ ಬಳಿ ನಿಂತು, ಕೂಗಿದ ಹೆಸರಿನವರನ್ನು ಬೆರಳು ಮಾಡಿ ಕರೆದು ಒಳಗೆ ಕಳಿಸುತ್ತಿದ್ದರು. ಬಾಯಿ ಮಾತ್ರ ಬಿಡಲಿಲ್ಲ. ನನಗೆ ನಗು ಬಂತು, ಅದರ ಹಿಂದೆಯೇ ಭಯವೂ ಬಂತು. ಬೆಂಚಿನ ಮೇಲೆ ಎಲ್ಲರೂ ನನಗಿಂತ ವಯಸ್ಸಾದವರು. ನನ್ನ ಮುಂದಿನ ದಿನಗಳು ಸಾಲಾಗಿ ಕೂತಿರುವಂತೆ ಕಂಡಿತು.

ಡಾಕ್ಟರು ಪರೀಕ್ಷೆಗಳನ್ನು ಮಾಡಿಸಿ ಹೇಳಿದ್ದು ಇಷ್ಟು. ಸಣ್ಣ, ತೀಕ್ಷ್ಣ ಶಬ್ದಗಳು ನನ್ನ ಕಿವಿಗೆ ಆಗಲೇ ಸರಿಯಾಗಿ ಬೀಳುತ್ತಿಲ್ಲ. ಗಿರಣಿಯ ಗದ್ದಲ ಕಿವಿಯನ್ನು ತಿಂದಿದೆ. ಈ ಕೂಗಿಗೆ ಮಾತ್ರೆಯಿಲ್ಲ, ಆಪರೇಷನ್ನೂ ಇಲ್ಲ. ಗಿರಣಿ ಬಿಡಬೇಕು, ಇಲ್ಲದಿದ್ದರೆ ಇರುವ ಕಿವಿಯೂ ಹೋಗುತ್ತದೆ.

ನಾನು ತಲೆಯಾಡಿಸಿ ಬಂದೆ. ಆದರೆ ಅವರಿಗೆ ಒಂದು ವಿಷಯ ಹೇಳಿರಲಿಲ್ಲ. ಅದನ್ನು ಹೇಳಿದರೆ ಹುಚ್ಚಿ ಅಂದುಕೊಳ್ಳುತ್ತಾರೇನೋ ಅಂತ ಹೆದರಿಕೆ. ಇಡೀ ಊರಿನಲ್ಲಿ ನನಗೆ ಆ ಕೂಗು ಕೇಳದಿರುವ ಜಾಗ ಒಂದೇ ಒಂದು. ಅದು ನನ್ನ ಗಿರಣಿ. ತೊಟ್ಟಿ ತುಂಬಿ ಕಲ್ಲು ಗುರುಗುಟ್ಟುವಾಗ ಒಳಗಿನ ಕೂಗು ಮುಳುಗಿಹೋಗುತ್ತಿತ್ತು. ರೋಗ ಕೊಟ್ಟ ಕಡೆಯೇ ಆರಾಮವೂ ಇತ್ತು. ಬೆಳಗ್ಗೆ ಯಾವಾಗ ಬಾಗಿಲು ತೆಗೆದೇನು ಅಂತ ಕಾಯುತ್ತಿದ್ದೆ. ಡಬ್ಬ ಹಿಡಿದು ಬಂದ ಗಿರಾಕಿಗಳನ್ನು ದೇವರಂತೆ ನೋಡುತ್ತಿದ್ದೆ. ಭಾನುವಾರ ರಜಾ ಅಂದರೆ ಶನಿವಾರದಿಂದಲೇ ಎದೆ ಭಾರ. ಆ ಭಾನುವಾರಗಳಲ್ಲಿ ಬದುಕೇ ಸಾಕು ಅನಿಸಿದ್ದುಂಟು. ಇದನ್ನು ಯಾಕೆ ಬರೆಯುತ್ತಿದ್ದೇನೆ ಅಂದರೆ, ಇದೇ ಕಾಯಿಲೆ ಇರುವ ಯಾರಾದರೂ ಓದಿದರೆ ಅವರಿಗೂ ಹಾಗನಿಸಿರಬಹುದು. ಅನಿಸಿದರೆ ಮನೆಯವರಿಗೆ ಹೇಳಿಬಿಡಿ. ನಾನು ಬಹಳ ದಿನ ಹೇಳಲಿಲ್ಲ.

ಡಾಕ್ಟರ ಮಾತು ಕೇಳದೆ ಗಿರಣಿ ನಡೆಸುತ್ತಲೇ ಇದ್ದೆ. ಅಲ್ಲೂ ತೊಂದರೆ ಶುರುವಾಯಿತು. ತೊಟ್ಟಿ ಖಾಲಿಯಾಗುತ್ತಾ ಗುರುಗುಟ್ಟು ತೆಳ್ಳಗಾಗುವಾಗ, ನನ್ನೊಳಗಿನ ಕೂಗೂ ಅದೇ ಹೊತ್ತಿಗೆ ಮೇಲೆ ಬರುತ್ತಿತ್ತು. ಎರಡೂ ಒಂದೇ ಥರ. ಮೊದಮೊದಲು ಕಾಳಿರುವಾಗಲೇ ಹೆದರಿ ಸ್ವಿಚ್ ಆರಿಸಿಬಿಡುತ್ತಿದ್ದೆ. "ಏನ್ ಅಕ್ಕಾ, ಇನ್ನೂ ರಾಗಿ ಹಾಗೇ ಇದೆ" ಅಂತ ಗಿರಾಕಿಗಳು ನಗುತ್ತಿದ್ದರು. ನಾಚಿಕೆಯಾಗಿ, ಆ ಕೀರಲನ್ನು ನಂಬಬಾರದು ಅಂತ ತೀರ್ಮಾನಿಸಿದೆ. ಕೂಗಲಿ, ಅದು ನನ್ನ ಕಿವಿ ಅಷ್ಟೇ, ಅಂತ ಸುಮ್ಮನಿರುವುದನ್ನು ಅಭ್ಯಾಸ ಮಾಡಿಕೊಂಡೆ.

ಗಣೇಶನ ಹಬ್ಬದ ಮಾರನೆಯ ದಿನ ಕಮಲಮ್ಮ ಟೀಚರ್ ಬಂದರು. ಬಸವನಗುಡಿಯವರು. ಅವರ ತಾಯಿಯ ಕಾಲದಿಂದಲೂ ನಮ್ಮಲ್ಲೇ ಹಿಟ್ಟು. ಕೈಯಲ್ಲಿ ಉಳಿದ ಅಕ್ಕಿ ಹಿಟ್ಟಿನ ಡಬ್ಬ. ಬೇರೆ ಗಿರಾಕಿಗಳು ಹೋಗುವ ತನಕ ಕಾದು, ಹತ್ತಿರ ಬಂದು ಮೆಲ್ಲಗೆ ಹೇಳಿದರು.

"ಬೇಜಾರ್ ಮಾಡ್ಕೋಬೇಡ ಕಣೇ ಜಯಮ್ಮ. ಕಡುಬು ಬಾಯಿಗಿಟ್ರೆ ಮರಳು ಮರಳು. ಕಲ್ಲು ಒಂದ್ಸಲ ನೋಡಿಸ್ಬಿಡು."

ಡಬ್ಬದೊಳಗೆ ಕೈ ಹಾಕಿ ಹಿಟ್ಟನ್ನು ಬೆರಳಲ್ಲಿ ಉಜ್ಜಿದೆ. ಕಲ್ಲಿನ ಪುಡಿ. ಅವರ ಅಕ್ಕಿ ಬೀಸಿದ ದಿನ ಕೂಗಿದ್ದು ನನ್ನ ಕಿವಿಯಲ್ಲ, ಗಿರಣಿ. ಮೊದಲು ಕಿವಿಯನ್ನು ಗಿರಣಿ ಅಂದುಕೊಂಡು ಬೇರಿಂಗ್ ಬದಲಾಯಿಸಿದ್ದೆ. ಈಗ ಗಿರಣಿಯನ್ನು ಕಿವಿ ಅಂದುಕೊಂಡು ದೇವರ ನೈವೇದ್ಯಕ್ಕೆ ಕಲ್ಲು ಬೆರೆಸಿದ್ದೆ. ಟೀಚರ್ ಬೈದಿದ್ದರೆ ಚೆನ್ನಾಗಿತ್ತು. ಅವರು ನನ್ನ ಬೆನ್ನು ಸವರಿ ಹೋದರು. ಅವತ್ತು ಮಧ್ಯಾಹ್ನವೇ ಬಾಗಿಲು ಎಳೆದು, ಮತ್ತೆ ಆಸ್ಪತ್ರೆಗೆ ಹೊರಟೆ. ಗಿರಣಿ ಬಿಡುತ್ತೇನೆ ಅಂತ ಹೇಳುವುದಕ್ಕೇ ಹೋಗಿದ್ದು.

ಅವತ್ತು ಡಾಕ್ಟರು ಸಿಗಲಿಲ್ಲ, ಸಿಕ್ಕಿದವಳು ಮೇಘನಾ. ಕಿವಿಯ ಪರೀಕ್ಷೆ ಮಾಡುವ ಹುಡುಗಿ. ಇದೇ ಕಾಯಿಲೆಯ ಮೇಲೆ ಸಂಶೋಧನೆ ಮಾಡುತ್ತಿದ್ದಳು. ನನ್ನಂಥವರನ್ನು ಒಂದಷ್ಟು ಜನ ಸೇರಿಸಿಕೊಂಡು, ಸದ್ದು ಹೇಗಿದೆ, ಯಾವಾಗ ಜಾಸ್ತಿ, ಏನು ಮಾಡಿದರೆ ಕಡಿಮೆ ಅಂತ ತಿಂಗಳುಗಟ್ಟಲೆ ಕೇಳಿ ಬರೆದುಕೊಳ್ಳುವ ಕೆಲಸ. ನೀವೂ ಸೇರ್ತೀರಾ ಅಂದಳು. ಇದು ಯಾಕೆ ಬರುತ್ತೆ ಅಂತ ನಾನು ಅವಳನ್ನೇ ತಿರುಗಿಸಿ ಕೇಳಿದೆ.

"ಕಿವಿಗೆ ಬೀಳದೇ ಇರೋ ಶಬ್ದದ ಜಾಗಾನ ತಲೆ ತಾನೇ ತುಂಬಿಸ್ಕೊಳ್ಳುತ್ತೆ ಅಂತ ಒಂದು ಅಂದಾಜು ಅಮ್ಮ. ಪೂರ್ತಿ ಯಾರಿಗೂ ಗೊತ್ತಿಲ್ಲ. ಅದಕ್ಕೇ ನಾವು ಹುಡುಕ್ತಿರೋದು."

ಯಾರಿಗೂ ಗೊತ್ತಿಲ್ಲ ಅಂದಳಲ್ಲ, ಅದೇ ನನಗೆ ಸಮಾಧಾನವಾಯಿತು. ಅಲ್ಲಿಯವರೆಗೂ ಸಿಕ್ಕಿದವರೆಲ್ಲಾ ನಂಗೆ ಗೊತ್ತು ಅನ್ನುವವರೇ. ಧೈರ್ಯ ಬಂದು, ಗಿರಣಿಯಲ್ಲಿ ಮಾತ್ರ ಆರಾಮ ಸಿಗುವ ವಿಷಯವನ್ನೂ ಹೇಳಿಬಿಟ್ಟೆ. ಅವಳು ನಗಲಿಲ್ಲ. ಹುಚ್ಚಿ ಅನ್ನಲೂ ಇಲ್ಲ. "ಸುಮಾರು ಜನ ಹೀಗೇ ಹೇಳ್ತಾರೆ" ಅಂದಳು. ಸುಮಾರು ಜನ! ಈ ಊರಿನಲ್ಲಿ ಎಲ್ಲೆಲ್ಲೋ ನನ್ನಂಥವರು ಗದ್ದಲ ಹುಡುಕಿಕೊಂಡು ಕೂತಿದ್ದಾರೆ ಅಂತ ಗೊತ್ತಾಗಿ ಅಳು ಬಂತು.

ಮುಂದಿನ ಸಲ ಯಜಮಾನರೂ ಬಂದಿದ್ದರು. ಹೊರಗಿನ ಸದ್ದು ಬರದ ಒಂದು ಪುಟ್ಟ ಕೋಣೆಯಲ್ಲಿ ನನ್ನನ್ನು ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಮೇಘನಾ ಒಂದೊಂದೇ ಶಬ್ದ ಕೇಳಿಸಿದಳು. ಸೀರೆ ಹಿಡಿದುಕೊಂಡು ಅಂಗಡಿಗೆ ಹೋಗಿ ಬ್ಲೌಸ್ ಪೀಸ್ ಮ್ಯಾಚ್ ಮಾಡಿಸುವ ಹಾಗೆ. ಇದಾ? ಅಲ್ಲ, ಇನ್ನೂ ಸಣ್ಣದು. ಇದಾ? ಸ್ವಲ್ಪ ಜಾಸ್ತಿಯಾಯಿತು. ಕೊನೆಗೆ ಒಂದು ಶಬ್ದ ಬಂತು. ಹೊರಗಿನದು ಯಾವುದು ನನ್ನದು ಯಾವುದು ಅಂತ ತಿಳಿಯದ ಹಾಗೆ ಒಂದಕ್ಕೊಂದು ಕೂತುಬಿಟ್ಟಿತು. ಇಷ್ಟು ದಿನ ನನ್ನೊಬ್ಬಳ ತಲೆಯೊಳಗಿದ್ದ ವೈರಿ ಮೇಜಿನ ಮೇಲಿನ ಮೆಷಿನ್ನಿನಿಂದ ಬರುತ್ತಿದ್ದ.

"ಇದನ್ನ ನಮ್ಮ ಯಜಮಾನ್ರಿಗೂ ಕೇಳಿಸ್ತೀಯೇನಮ್ಮಾ?" ಅಂದೆ.

ಅವರು ಒಳಗೆ ಬಂದು ಹೆಡ್‌ಫೋನ್ ಹಾಕಿಕೊಂಡರು. ಮೇಘನಾ ಗುಂಡಿ ಒತ್ತಿದಳು. ಮೊದಲು ಅವರ ಮುಖದಲ್ಲಿ ಏನೂ ಇರಲಿಲ್ಲ. ಆಮೇಲೆ ಹುಬ್ಬು ಗಂಟಾಯಿತು. ಸ್ವಲ್ಪ ಹೊತ್ತಾದ ಮೇಲೆ ನಿಲ್ಲುತ್ತದೆ ಅಂದುಕೊಂಡರೋ ಏನೋ, ಕಾದರು. ನಿಲ್ಲಲಿಲ್ಲ. "ನಿಲ್ಸಮ್ಮಾ, ಸಾಕು" ಅಂದು ತಾವೇ ಕಿತ್ತು ಮೇಜಿನ ಮೇಲಿಟ್ಟರು.

"ಊಟ ಮಾಡ್ವಾಗ್ಲೂ ಇರತ್ತಾ?" ನನ್ನನ್ನು ಕೇಳಿದರು.

"ಇರತ್ತೆ."

"ಗವಿಯಲ್ಲಿ?"

"ಅಲ್ಲೇ ಜಾಸ್ತಿ."

"ನಾನು ಮಾತಾಡ್ವಾಗ?"

"ಯಾರಾದ್ರೂ ಮಾತಾಡಿದ್ರೆ ಸ್ವಲ್ಪ ಹಿಂದೆ ಸರಿಯತ್ತೆ. ನೀವೆಲ್ಲಿ ಮಾತಾಡ್ತೀರಿ?"

ತಮಾಷೆಗೆ ಅಂದದ್ದು. ಆದರೆ ಅಷ್ಟು ತಿಂಗಳ ಸಿಟ್ಟೂ ಅದರಲ್ಲಿತ್ತು. ಅವರು ತಲೆ ತಗ್ಗಿಸಿ ಹೆಡ್‌ಫೋನಿನ ವೈರನ್ನು ಸುತ್ತಿಡತೊಡಗಿದರು.

ಕೊನೆಗೆ ಡಾಕ್ಟರು ಸಿಕ್ಕಿ, ಗಿರಣಿ ಬಿಡುತ್ತೇನೆ ಅಂದಾಗ ಅವರು ಇನ್ನೊಂದು ದಾರಿ ತೋರಿಸಿದರು. ಬಿಡಲು ಆಗದಿದ್ದರೆ ಫ್ಯಾಕ್ಟರಿಯವರು ಹಾಕುವಂಥ, ಹೆಡ್‌ಫೋನಿನ ಹಾಗೆ ಎರಡೂ ಕಿವಿಯನ್ನು ಪೂರ್ತಿ ಮುಚ್ಚುವ ದಪ್ಪ ಪಟ್ಟಿ ಹಾಕಿಕೊಂಡೇ ಗಿರಣಿ ಹತ್ತಿರ ನಿಲ್ಲಿ, ಒಂದು ದಿನವೂ ತಪ್ಪಬಾರದು ಅಂದರು. ಆಸೆಯಾಯಿತು. ತಂದು ಹಾಕಿಕೊಂಡೆ. ಅವತ್ತು ಖಾರದ ಪುಡಿ ಮಾಡುವ ದಿನ. ತೊಟ್ಟಿಗೆ ಒಣಮೆಣಸಿನಕಾಯಿ ಸುರಿದು ಸ್ವಿಚ್ ಹಾಕಿದೆ. ಬೆಲ್ಟು ತಿರುಗಿತು, ನೆಲ ನಡುಗಿತು, ಕೆಳಗಿನ ಬಟ್ಟೆಯೊಳಗೆ ಕೆಂಪು ಪುಡಿ ಇಳಿಯಿತು. ನನ್ನ ಗಿರಣಿಯ ಸದ್ದು ಎಲ್ಲೋ ಆಚೆ ಬೀದಿಯಿಂದ ಬಂದಂತೆ ಬಂತು. ಆ ಖಾಲಿಯಾದ ಜಾಗಕ್ಕೆ ಕೂಗು ಬಂದು ತುಂಬಿಕೊಂಡಿತು. ಇದ್ದ ಒಂದೇ ಆಸರೆಯ ಜಾಗವೂ ಹೋಯಿತು ಅಂತ ಅರ್ಥವಾಗಿ ನಿಂತಲ್ಲೇ ಕಣ್ಣೀರು ಇಳಿಯಿತು. ಕ್ಯೂನಲ್ಲಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು ಏನೋ ಅಂದಳು. ಪಟ್ಟಿ ಸರಿಸಿ ಕೇಳಿದೆ.

"ಘಾಟು ಜೋರಾಗಿದೆ ಅಲ್ವಾ ಅಕ್ಕಾ?"

"ಹೂಂ ಕಣಮ್ಮ, ಬ್ಯಾಡಗಿ ಜೊತೆ ಗುಂಟೂರು ಸೇರ್ಸಿದ್ದಾರೆ" ಅಂದೆ.

ಕಿವಿ ಮುಚ್ಚಿಕೊಂಡರೆ ಕಲ್ಲಿನ ಕೀರಲು ಕೇಳುವುದಿಲ್ಲವಲ್ಲ, ತೊಟ್ಟಿ ನೋಡುವವರು ಯಾರು? ಇದನ್ನು ನಾನು ಯಾರನ್ನೂ ಕೇಳಿರಲಿಲ್ಲ. ಮಾರನೆಯ ದಿನ ಬೆಳಗ್ಗೆ ಯಜಮಾನರು ಪ್ಲಾಸ್ಟಿಕ್ ಸ್ಟೂಲ್ ತಂದು ತೊಟ್ಟಿ ಕಾಣುವಂತೆ ಹಾಕಿಕೊಂಡು ಕೂತರು. ಗದ್ದಲ ಕಂಡರಾಗದ ಮನುಷ್ಯ. ನಾನು ಅವರಿಗೂ ಒಂದು ಪಟ್ಟಿ ತರಿಸಿ ಹಾಕಿದೆ. ಕಾಳು ಮುಗಿಯುತ್ತಾ ಬಂದಾಗ ಅವರು ಕೈ ಎತ್ತುತ್ತಾರೆ, ಬಸ್ ನಿಲ್ಲಿಸುವ ಹಾಗೆ. ನಾನು ಸ್ವಿಚ್ ಆರಿಸುತ್ತೇನೆ. ಆಮೇಲೆ ಹಿಟ್ಟಿಗೆ ಕಲ್ಲು ಬಿದ್ದಿಲ್ಲ. ಕಮಲಮ್ಮ ಟೀಚರ್ ಮತ್ತೆ ಬರುತ್ತಿದ್ದಾರೆ, ನಮ್ಮಿಬ್ಬರ ವೇಷ ನೋಡಿ, "ವಿಮಾನ ಓಡಿಸ್ತೀರೇನೇ?" ಅಂದರು.

ಮೇಘನಾಳ ಸಂಶೋಧನೆ ಮುಗಿಯಿತು. ಕಿವಿಗೆ ಒಂದು ಮೆಷಿನ್ ಕೊಟ್ಟಿದ್ದಾರೆ, ಗಿರಣಿ ಮುಚ್ಚಿದ ಮೇಲೆ ಹಾಕಿಕೊಳ್ಳುತ್ತೇನೆ. ಮಾತು ಸ್ವಲ್ಪ ಸ್ಪಷ್ಟವಾಗಿದೆ. ಮಲಗುವಾಗ ಚಳಿಗಾಲದಲ್ಲೂ ಫ್ಯಾನು ಬೇಕು. ಸದ್ದು ಎಷ್ಟು ತೊಂದರೆ ಕೊಡುತ್ತದೆ ಅಂತ ಮೇಘನಾ ಪ್ರತಿ ಸಲವೂ ಅಂಕ ಹಾಕಿಸುತ್ತಿದ್ದಳು. ಕೊನೆಯ ಸಲ, "ಮೊದಲಿಗಿಂತ ಕಮ್ಮಿ ಹಾಕಿದೀರ ಅಮ್ಮ" ಅಂತ ಖುಷಿಪಟ್ಟಳು. ನಿಜವಾಗಿ ಕಡಿಮೆಯಾಗಿದೆಯೋ, ಆ ಹುಡುಗಿಯ ಮುಖ ನೋಡಿ ಕಡಿಮೆ ಹಾಕಿದೆನೋ, ನನಗೇ ಗೊತ್ತಿಲ್ಲ. ಕೂಗು ಹೋಗಿಲ್ಲ. ಹೋಗುವುದೂ ಇಲ್ಲ. ಇದನ್ನು ಬರೆಯುವಾಗಲೂ ಇದೆ. ಗವಿಪುರಕ್ಕೆ ನಾನಿನ್ನೂ ಮತ್ತೆ ಹೋಗಿಲ್ಲ.

ಮೊನ್ನೆ ರಾಗಿ ಹಾಕಿದ್ದಾಗ ಕರೆಂಟು ಹೋಯಿತು. ಕಲ್ಲು ನಿಧಾನವಾಗಿ ನಿಂತಿತು. ಬೀದಿಯಲ್ಲೂ ಸದ್ದಿಲ್ಲ. ಡಬ್ಬ ಹಿಡಿದು ನಿಂತಿದ್ದ ಮೂರು ನಾಲ್ಕು ಜನರಲ್ಲಿ ಒಬ್ಬರು, "ಅಬ್ಬಾ, ಈಗ ಕಿವಿಗೆ ಹಾಯಾಯ್ತು ನೋಡಿ" ಅಂದರು. ಉಳಿದವರು ಹೌದು ಹೌದು ಅಂದರು. ನಾನು ಪಟ್ಟಿ ತೆಗೆದು ಗೋಡೆಗೆ ಒರಗಿ ನಿಂತೆ. ಅವರೆಲ್ಲರಿಗೂ ಹಾಯಾಗಿದ್ದ ಆ ಹೊತ್ತು ನನಗೆ ಹೇಗಿತ್ತು ಅಂತ ಬರೆದು ಪ್ರಯೋಜನವಿಲ್ಲ.

ಸ್ಟೂಲಿನ ಮೇಲಿದ್ದ ಯಜಮಾನರು ನನ್ನ ಕಡೆ ನೋಡಿದರು. ಪಟ್ಟಿಯನ್ನು ಕುತ್ತಿಗೆಗೆ ಇಳಿಸಿಕೊಂಡರು. ಕೆಮ್ಮಿ ಗಂಟಲು ಸರಿಮಾಡಿಕೊಂಡರು. ಆಮೇಲೆ, ರಿಟೈರ್ ಆದ ದಿನದಿಂದ ನಾನು ಕೇಳಿರದ ಆ ಎಳೆದ ದನಿಯಲ್ಲಿ, ಶುರುಮಾಡಿದರು.

"ಗವಿಪುರಂ... ಗವಿಪುರಂ ಯಾರ್ರೀ, ಮುಂದ್ ಬನ್ನಿ... ಚಾಮರಾಜಪೇಟೆ... ಮಕ್ಕಳ ಕೂಟ ಇಳಿಯೋರು ಇಳೀರಿ... ಮಾರ್ಕೆಟ್, ಮಾರ್ಕೆಟ್, ಮಾರ್ಕೆಟ್..."

ಗಿರಾಕಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಳು ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು. ಯಜಮಾನರು ನಿಲ್ಲಿಸಲಿಲ್ಲ. ಕಿವಿಯೆಲ್ಲಾ ಕೆಂಪಾಗಿತ್ತು, ಕಣ್ಣು ನೆಲದ ಮೇಲಿತ್ತು, ದನಿ ಮಾತ್ರ ಒಂದೇ ಸಮನೆ ಬರುತ್ತಿತ್ತು. ನನ್ನೊಳಗಿನ ಕೂಗು ಅದರ ಹಿಂದೆ ಹೋಗಿ ನಿಂತಿತು. ಹೋಗಲಿಲ್ಲ, ಹಿಂದೆ ನಿಂತಿತು, ಅಷ್ಟೆ.

ಅವರು ಮೆಜೆಸ್ಟಿಕ್ ದಾಟುತ್ತಿರುವಾಗ ತಲೆಯ ಮೇಲಿನ ದೀಪ ಹತ್ತಿಕೊಂಡಿತು. "ಕರೆಂಟ್ ಬಂತು ಅಕ್ಕಾ" ಅಂತ ಗಿರಾಕಿಗಳು ಅವಸರ ಮಾಡಿದರು. ಒಂದ್ನಿಮಿಷ ಇರಿ ಅಂದೆ. ಶೇಷಾದ್ರಿಪುರಂ ಬಂತು. ಮಲ್ಲೇಶ್ವರಂ ಸರ್ಕಲ್ ಬಂತು. ಹದಿನೆಂಟನೇ ಕ್ರಾಸ್ ಬಂತು. ಮತ್ತಿಕೆರೆ ಬರುವ ತನಕ ನಾನು ಸ್ವಿಚ್ ಹಾಕಲಿಲ್ಲ.